ಗಂಡನ ಹೆಸ್ರು ಹೇಳಮ್ಮ

ಹೆಮ್ಮರಗಾಲ
೧೮-೭-೨೦೨೫

ಮಗಳು ನಂದಿತಾಗೆ ನಿನ್ನವ್ವನ ತುಂಬು ಆಶೀರ್ವಾದ.

ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ಗಾಬರಿ ಬೇಡ, ಗಟ್ಟಿಮುಟ್ಟಾಗಿದ್ದೇನೆ.

ಸೋಮವಾರ ಬಚ್ಚಲಲ್ಲಿ ಜಾರಿಬಿದ್ದು ಹಣೆ ಒಡೆಯಿತು. ನಿನ್ನಣ್ಣ ಫ್ಯಾಕ್ಟರಿಗೆ ಹೋಗಿದ್ದ. ನಿನ್ನ ಅತ್ತಿಗೆ ಮಾನಸಳೇ ಆಟೋ ಮಾಡಿ ನಂಜನಗೂಡಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ನರ್ಸಮ್ಮ ಅವಳನ್ನು ಬಾಗಿಲಲ್ಲೇ ತಡೆದಳು. ಪೇಷಂಟ್ ಕಡೆಯವರು ಒಳಗೆ ಬರಬಾರದು, ಅದು ರೂಲ್ಸು ಅಂದಳು. ನನ್ನ ಕೈ ಹಿಡಿದಿದ್ದವಳ ಕೈ ಬಿಡಿಸಿದರು. ಆಗ ನಿಜವಾಗಿ ಭಯವಾಯಿತು ಕಣೇ.

ತಲೆಗೆ ಪೆಟ್ಟಾದವರಿಗೆ ಪ್ರಶ್ನೆ ಕೇಳುತ್ತಾರೆ; ನರಸೀಪುರದಲ್ಲಿ ನರ್ಸಾಗಿರುವ ನಿನಗೆ ಅದನ್ನು ನಾನು ಹೇಳಬೇಕೆ? ಒಳಗಿದ್ದ ಡಾಕ್ಟರು ಹೆಸರೇನು ಅಂದರು, ಗುರಮ್ಮ ಅಂದೆ. ಆಧಾರ್ ಕಾರ್ಡಿನಲ್ಲಿ ಗುರುಬಸಮ್ಮ ಎಂದಿತ್ತು. ಯಾವ ತಿಂಗಳು ಅಂದರು, ಆಷಾಢ ಅಂದೆ. “ಗಂಡನ ಹೆಸ್ರು ಹೇಳಮ್ಮ” ಅಂದರು. ಬಾಯಿ ಮುಚ್ಚಿಕೊಂಡೆ. ನಿಮ್ಮಪ್ಪನ ಹೆಸರು ಬಸವಯ್ಯ ಎಂದು ಬರೆಯಲು ಅಡ್ಡಿಯಿಲ್ಲ, ಬಾಯಲ್ಲಿ ಹೇಳಬಾರದು ಅಷ್ಟೇ. ಮದುವೆಯಾದ ದಿನದಿಂದ ನನ್ನ ಹೆಸರಿನೊಳಗಿನ ಬಸವನನ್ನೂ ನುಂಗಿಕೊಂಡು ಬರೀ ಗುರಮ್ಮನಾಗಿದ್ದೇನೆ. ಬಿಡದೆ ಕೇಳಿದ್ದಕ್ಕೆ, “ನಂಜುಂಡೇಶ್ವರನ ಮುಂದೆ ಕುಂತದಲ್ಲ ಸಾ, ಅದ್ರೆಸ್ರೇಯ” ಅಂದೆ. ಆ ಡಾಕ್ಟರು ಯಾವ ಕಡೆಯವರೋ, ನನ್ನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು.

ನೆನಪು ಹೋಗಿದೆ, ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿರಬೇಕು, ಮೈಸೂರಿಗೆ ಸಾಗಿಸಿ ಎಂದರು. ಕೈಗೆ ಚುಚ್ಚಿದ್ದ ಡ್ರಿಪ್ಪಿನ ಸೂಜಿ ಕಿತ್ತುಕೊಂಡು ಏಳಲು ಹೋದೆ. ಎರಡೂ ಕೈಗೆ ಬ್ಯಾಂಡೇಜು ಬಟ್ಟೆ ಸುತ್ತಿ ಮಂಚಕ್ಕೆ ಕಟ್ಟಿದರು. ನಾಚಿಕೆ ಬಿಟ್ಟು ಕೂಗಿಕೊಂಡು ಅತ್ತುಬಿಟ್ಟೆ.

ನನ್ನ ಕೂಗು ಕೇಳಿ ಮಾನಸ ಬಾಗಿಲು ತಳ್ಳಿಕೊಂಡು ಬಂದಳು. “ನಮ್ಮತ್ತೆಗೆ ಬುದ್ಧಿ ನೆಟ್ಗದೆ ಕಣ್ರೀ. ಗಂಡನ ಎಸ್ರ ಯೋಳಾಕಿಲ್ಲ, ಅಷ್ಟೇಯ. ಬ್ಯಾರೆ ಏನಾರ ಕೇಳಿ” ಅಂದಳು. ಊರು, ವಾರ, ಮೊಮ್ಮಕ್ಕಳ ಹೆಸರು, ಕೇಳಿದ್ದೆಲ್ಲ ಹೇಳಿದೆ. ಡಾಕ್ಟರು ತಾವೇ ಕಟ್ಟು ಬಿಚ್ಚಿದರು. ಸ್ಕ್ಯಾನಿನಲ್ಲೂ ಏನೂ ಇರಲಿಲ್ಲ. ಹೊಲಿಗೆ ಮುಗಿಯುವವರೆಗೂ ಮಾನಸ ಪಕ್ಕದಲ್ಲೇ ಇದ್ದಳು.

ಈಗ ನಿನ್ನ ವಿಷಯ. ಯುಗಾದಿಗೆ ಬಂದಾಗ, ನಮ್ಮ ವಾರ್ಡಿನಲ್ಲಿ ಪೇಷಂಟ್ ಕಡೆಯವರು ಒಬ್ಬರೂ ಉಳಿಯಬಾರದು, ಎಲ್ಲರನ್ನೂ ಓಡಿಸ್ತೀನಿ ಎಂದು ನೀನು ಹೇಳಿದೆ. ನಾನೂ ನಕ್ಕೆ. ಈಗ ನಗು ಬರುತ್ತಿಲ್ಲ. ದಂಡು ಕಟ್ಟಿಕೊಂಡು ಬರುವವರನ್ನು ಬೈದುಕೋ, ಬೇಡವೆನ್ನುವುದಿಲ್ಲ. ಆದರೆ ಮಲಗಿರುವವರು ಯಾರನ್ನು ಬೇಕೆನ್ನುತ್ತಾರೋ ಅವರೊಬ್ಬರನ್ನು ಜೊತೆಗೆ ಬಿಡು. ಅದು ಅವರ ಹಕ್ಕು, ನಿನ್ನ ದಯೆ ಬೇಕಾಗಿಲ್ಲ. ಸಿಟ್ಟು ಬಂದರೆ ಬರಲಿ, ಹಬ್ಬಕ್ಕೆ ಬರುವಷ್ಟರಲ್ಲಿ ಇಳಿದಿರುತ್ತದೆ.

ಇಂತಿ ನಿನ್ನವ್ವ,
ಗುರಮ್ಮ

ಬರೆಯಲೋ ಬೇಡವೋ ಎಂದುಕೊಂಡಿದ್ದು: ಮನೆಗೆ ಹೊರಟಾಗ ಆ ನರ್ಸಮ್ಮ, ಹೆಣ್ಣುಮಕ್ಕಳಿಲ್ಲವೇ ಎಂದು ಕೇಳಿದಳು. ಒಬ್ಬಳಿದ್ದಾಳೆ ಅಂದೆ. ಏನು ಮಾಡುತ್ತಾಳೆ ಎಂದಳು. ನರ್ಸು ಎನ್ನಲು ನಾಲಿಗೆ ಏಳಲಿಲ್ಲ. ಮನೆಯಲ್ಲೇ ಇದ್ದಾಳೆ ಅಂದುಬಿಟ್ಟೆ.