ನೆಲ ಮುಟ್ಟದ ಚಕ್ರ

ಶುಕ್ರವಾರ, 31 ಜನವರಿ 2014. ಡಿಸ್ಕವರಿ ಗಾರ್ಡನ್ಸ್, ನಮ್ಮ ಫ್ಲ್ಯಾಟ್

ಇವತ್ತೂ ಅಡುಗೆಮನೆಯೇ ಗ್ಯಾರೇಜು. ಗೇಣುದ್ದದ ಪೈನ್ ಮರದ ಆಟದ ಕಾರು. ಮೊಳೆಯೇ ಅಚ್ಚು. ಇಂಜಿನ್ ಇಲ್ಲ, ಇಳಿಜಾರಿನಲ್ಲಿ ತಾನೇ ಓಡಬೇಕು. ನನ್ನ ಗಂಡ ಡ್ಯಾರಲ್‌ನ ಆಫೀಸಿನ ಅಮೆರಿಕನ್ ಬಾಸ್ ಹಚ್ಚಿದ ಹುಚ್ಚು, ಮಾರ್ಚ್‌ನಲ್ಲಿ ರೇಸ್. ಮೊನ್ನೆ ಅಚ್ಚಿಗೆ ತೆಂಗಿನೆಣ್ಣೆ ಬಿಟ್ಟಿದ್ದ ಡ್ಯಾರಲ್. ಎ.ಸಿ.ಗೆ ಗಟ್ಟಿಯಾಗಿ ಚಕ್ರ ಅಲುಗಲೇ ಇಲ್ಲ. ಈಗ ಗ್ರಾಫೈಟ್ ಪುಡಿ.

"ಒಲಿಂಡಾ, ಮೊಳೆ ನೀನೇ ಉಜ್ಜು. ಮಕ್ಕಳಿಗೆ ಸೂಜಿ ಹಾಕುವ ಕೈ ಅಲ್ವಾ ನಿನ್ನದು."

ಉಜ್ಜಿದೆ. ಹೆಬ್ಬೆರಳು ತಾನಾಗಿ ನಡುಗಿತು. ನಿದ್ದೆ ಸಾಲದ್ದು ಇರಬೇಕು.

ಸೋಮವಾರ, 10 ಫೆಬ್ರವರಿ. ಡ್ಯೂಟಿ ಮುಗಿಸಿ

ನಿದ್ದೆ ಅಲ್ಲ. ಬಲಗೈ ಮಡಿಲಲ್ಲಿ ಸುಮ್ಮನೆ ಇಟ್ಟರೂ ನಡುಗುತ್ತದೆ. ವಾರ್ಡಿನಲ್ಲಿ ಪುಟ್ಟ ಮಗುವಿಗೆ ಡ್ರಿಪ್. ತಾಯಿ ಪುತ್ತೂರಿನವಳು. "ಸಿಸ್ಟರ್, ನೀವೇ ಹಾಕಿ ಆಯ್ತಾ, ನಿಮ್ಮ ಕೈ ಮೆತ್ತಗೆ" ಅಂದಳು. ಎರಡು ಸಲ ಚುಚ್ಚಿದೆ... ತಪ್ಪಿತು. ಮಗು ಕಿರುಚಿತು. ಬಾತ್‌ರೂಂ ಅರ್ಜೆಂಟ್ ಎಂದು ಸುಳ್ಳು ಹೇಳಿ ಸೂಜಿ ಅಲಿಶಾ ಸಿಸ್ಟರ್ ಕೈಗೆ ಕೊಟ್ಟು ಓಡಿದೆ.

ಪಪ್ಪನ ನಡುಕದ ಕಾಯಿಲೆಯೂ ಬಲಗೈಯಿಂದಲೇ ಶುರುವಾದದ್ದು. ಕೊನೆಗೆ ಶರ್ಟಿನ ಗುಂಡಿ ಮಮ್ಮಿಯೇ ಹಾಕುತ್ತಿದ್ದಳು.

ಶನಿವಾರ, 22 ಫೆಬ್ರವರಿ

ಹಲಗೆ ಓರೆ ಮಾಡಿ ಕಾರು ಬಿಟ್ಟೆವು. ಎಡಕ್ಕೆ ಎಳೆಯುತ್ತದೆ. ಮುಂದಿನ ಒಂದು ಅಚ್ಚನ್ನು ಕೂದಲೆಳೆಯಷ್ಟು ಬಗ್ಗಿಸಬೇಕು. ಇನ್ನೊಂದು ಮುಂಚಕ್ರ ನೆಲ ಮುಟ್ಟಲೇಬಾರದು — ಮೂರೇ ಚಕ್ರದಲ್ಲಿ ಓಡಿದರೆ ವೇಗ ಜಾಸ್ತಿಯಂತೆ. ಇಕ್ಕಳ ಎತ್ತಿಕೊಂಡೆ. ಡ್ಯಾರಲ್ ಮೆಲ್ಲಗೆ ತೆಗೆದುಕೊಂಡ.

"ನೀನು ನೋಡಿ ಹೇಳು. ನಾನು ಮಾಡ್ತೇನೆ."

ನಂಬಿಕೆ ಇಲ್ಲ ಮಹಾರಾಯನಿಗೆ. ಈಚೆಗೆ ಚಾ ಕೂಡ ಅರ್ಧ ಕಪ್ಪೇ ಕೊಡುತ್ತಾನೆ. ಹಾಲಿಗೂ ಜಿಪುಣತನ.

ಆಸ್ಪತ್ರೆಯಲ್ಲಿ ಕೈಯ ವಿಷಯ ಹೇಳಿದರೆ ವಾರ್ಡಿನಿಂದ ತೆಗೆಯುತ್ತಾರೆ. ಹೇಳದಿದ್ದರೆ ನಾಳೆ ಯಾವ ಮಗುವೋ...

ಶುಕ್ರವಾರ, 7 ಮಾರ್ಚ್. ಜೆ.ಎಲ್.ಟಿ., ರೇಸ್ ಮುಗಿಸಿ ಡ್ಯಾರಲ್‌ನ ಆಫೀಸಿನ ಪಾರ್ಕಿಂಗ್‌ನಲ್ಲಿ

ಮೊದಲ ಓಟದಲ್ಲಿ ನಮ್ಮ ಕಾರೇ ಕೊನೆ. ಅಚ್ಚು ಜಾರಿತ್ತು. ಬಾಸ್ ಮೈಕಿನಲ್ಲಿ, "ಯಲ್ಲಾ, ಕಾಲ್ ದ ನರ್ಸ್." ಬೇಗ ನರ್ಸನ್ನು ಕರೆಯಿರಿ ಎಂದು ತಮಾಷೆ. ಎಲ್ಲರ ಕಣ್ಣು ನನ್ನ ಮೇಲೆ. ಇಕ್ಕಳ ಹಿಡಿದೆ. ಅದು ಮರಕ್ಕೆ ಟಕಟಕ ಬಡಿಯಿತು. ನಾಟಕ ಎಂದುಕೊಂಡು ಜನ ನಕ್ಕರು. ಡ್ಯಾರಲ್ ನಗಲಿಲ್ಲ. ನನ್ನ ಮಣಿಕಟ್ಟು ಹಿಡಿದ.

"ಕೈ ನಡುಗ್ತದೆ ನನಗೆ." ಮೊದಲ ಸಲ ಬಾಯಿಬಿಟ್ಟೆ.

"ಗೊತ್ತುಂಟು ಮಾರಾಯ್ತಿ. ಕಪ್ ತುಂಬಿಸಿದ್ರೆ ನಿನ್ನ ಮೈಮೇಲೆ ಚೆಲ್ತದಲ್ಲ."

ಎಷ್ಟು ಬಗ್ಗಿಸಬೇಕೆಂದು ಹೇಳಿದೆ. ಅವನು ಬಗ್ಗಿಸಿದ. ಮುಂದಿನ ಓಟ ಗೆದ್ದೆವಂತೆ. ನಾನು ಲೇಡೀಸ್ ಟಾಯ್ಲೆಟ್‌ನಲ್ಲಿ ಅಳುತ್ತಿದ್ದೆ.

ಭಾನುವಾರ, 9 ಮಾರ್ಚ್. ಬೆಳಿಗ್ಗೆ

ನಿನ್ನೆ ಇನ್‌ಚಾರ್ಜ್ ಮಾರ್ಟಿನಾ ಸಿಸ್ಟರ್‌ಗೆ ಹೇಳಿಬಿಟ್ಟೆ. ಇನ್ನು ಸೂಜಿ ನನ್ನ ಕೈಗೆ ಕೊಡಬೇಡಿ ಎಂದೆ. ಡಾಕ್ಟರ ಅಪಾಯಿಂಟ್‌ಮೆಂಟ್ ಅವರೇ ಫೋನ್ ಮಾಡಿ ಹಾಕಿಸಿದರು.

ಈಗ ನ್ಯೂರೋ ಡಾಕ್ಟರ ಬಾಗಿಲಲ್ಲಿ ಕೂತಿದ್ದೇವೆ. ಪಪ್ಪನ ವಿಷಯ ಕೇಳಿಯೇ ಕೇಳುತ್ತಾರೆ. ತುಂಬಾ ಹೆದರಿಕೆ. ಡ್ಯಾರಲ್ ಮಷೀನಿನಿಂದ ಚಾ ತಂದ. ಅರ್ಧ ತಾನು ಕುಡಿದು, ಉಳಿದದ್ದು ನನಗೆ ಕೊಟ್ಟ. ಒಳಗಿಂದ ನನ್ನ ಹೆಸರು ಕರೆದರು.