ಸುಳ್ಳು ಹಾಜರಿ

ಬಣಕಲ್
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ರಕ್ಷಾಳ ಅಪ್ಪನಿಗೆ,

ನಮಸ್ಕಾರ. ಫೋನಿನಲ್ಲಿ ಮಾತೆತ್ತಿದರೆ ನಾವಿಬ್ಬರೂ ಜಗಳಕ್ಕೇ ಇಳಿಯುತ್ತೇವೆ, ಅದಕ್ಕೆ ಬರೆಯುತ್ತಿದ್ದೇನೆ. ಕಳಸದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಮಗಳು ಕಬಡ್ಡಿ ಆಡುವಾಗ ಬಿದ್ದು ಮಂಡಿಯ ಆಪರೇಷನ್ ಆದಾಗ, ನಿಮ್ಮ ಆಟದ ಹುಚ್ಚೇ ಇದಕ್ಕೆಲ್ಲ ಕಾರಣ, ಇತ್ತ ತಲೆ ಹಾಕಬೇಡಿ ಎಂದಿದ್ದೆ. ಈಗ ನಾನೇ ಕರೆಯುತ್ತಿದ್ದೇನೆ. ನನಗೆ ತುಂಬಾ ಭಯವಾಗಿದೆ.

ಮೂಡಿಗೆರೆಯಲ್ಲಿ ಫಿಸಿಯೋಥೆರಪಿ ಮಾಡುವ ಕೃತಿಕಾ ಮೇಡಂ ವ್ಯಾಯಾಮ ಹೇಳಿಕೊಟ್ಟು ಒಂದು ಚಾರ್ಟ್ ಕೊಟ್ಟಿದ್ದರು. ರಕ್ಷಾ ಮಲಗಿಕೊಂಡು ಹಿಮ್ಮಡಿ ಜಾರಿಸುತ್ತಾ ಮಂಡಿ ಮಡಿಸಬೇಕು, ನಾನು ಪಾದ ಹಿಡಿದು ಮೆಲ್ಲಗೆ ಒತ್ತಬೇಕು, ದಿನಕ್ಕೆ ಮೂರು ಸಲ. ಮಾಡಿದ ದಿನ ಚಾರ್ಟಿನಲ್ಲಿ ಗೀಟು ಎಳೆಯಬೇಕು. ಎರಡನೆಯ ದಿನವೇ ಮಂಡಿಯೊಳಗೆ ಟಕ್ ಎಂದಿತು. ಮಗು ಕಿರುಚಿದ್ದು ಆಚೆಯ ಕೂಲಿಯವರ ಲೈನ್ ಮನೆಗಳವರೆಗೂ ಕೇಳಿತಂತೆ. ಹೊಲಿದದ್ದು ಕಿತ್ತೇಹೋಯಿತು ಅಂದುಕೊಂಡೆ. ಮೇಡಂಗೆ ಫೋನ್ ಮಾಡಲೂ ಹೆದರಿಕೆ. ಹೌದು, ಕಿತ್ತಿದೆ ಅಂದುಬಿಟ್ಟರೆ? ವ್ಯಾಯಾಮ ಇವತ್ತು ಬೇಡ, ನಾಳೆ ಮಾಡೋಣ ಅಂದೆ. ಹಾಗೆ ಹದಿನೇಳು ದಿನ ಹೋಯಿತು.

ಮತ್ತೆ ಮೂಡಿಗೆರೆಗೆ ಹೋಗುವ ಬೆಳಿಗ್ಗೆ, ಹದಿನೇಳು ದಿನಕ್ಕೂ ಒಟ್ಟಿಗೇ ಗೀಟು ಎಳೆದೆ. ಒಂಬತ್ತು ವರ್ಷದಿಂದ ಎಸ್ಟೇಟಿನ ರೈಟರ್ ಆಗಿ ಹಾಜರಿ ಪುಸ್ತಕ ಬರೆಯುತ್ತಿದ್ದೇನೆ, ಒಬ್ಬರಿಗೂ ಸುಳ್ಳು ಹಾಜರಿ ಹಾಕಿದವಳಲ್ಲ. ಮುದುಕಿ ಸಿದ್ದಮ್ಮ ಕೆಲಸಕ್ಕೆ ತಡವಾಗಿ ಬಂದು, "ಒಂದು ಗೀಟು ಎಳೆದ್ರೆ ನಿನ್ನ ಗಂಟೇನು ಹೋಗ್ತದೆ ಮಾರಾಯ್ತಿ" ಎಂದು ಅಂಗಲಾಚಿದರೂ ಎಳೆಯಲಿಲ್ಲ. ಸ್ವಂತ ಮಗಳ ಮಂಡಿಗೆ ಎಳೆದೆ.

ಮೇಡಂ ಅಳೆದು ನೋಡಿದರು. ಮಂಡಿ ಮೊದಲಿಗಿಂತಲೂ ಕಡಿಮೆ ಬಾಗುತ್ತಿತ್ತು. ಚಾರ್ಟನ್ನು ಎರಡು ಸಲ ನೋಡಿ, ಇಷ್ಟು ಸರಿಯಾಗಿ ಮಾಡಿಯೂ ಬಗ್ಗುತ್ತಿಲ್ಲ ಅಂದರೆ ಒಳಗೇ ಏನೋ ತೊಂದರೆ ಇರಬೇಕು ಎಂದರು. ಆಪರೇಷನ್ ಮಾಡಿದ ಡಾಕ್ಟರಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಗುರುವಾರ ತೋರಿಸಬೇಕು. ಇನ್ನೊಂದು ಆಪರೇಷನ್ ಆದರೂ ಆದೀತಂತೆ. ಆಗಲೂ ನನ್ನ ಬಾಯಿಂದ ನಿಜ ಹೊರಡಲಿಲ್ಲ. ರಕ್ಷಾ ತಲೆ ತಗ್ಗಿಸಿ ಕೂತಿದ್ದಳು, ಅವಳೂ ತುಟಿ ಬಿಚ್ಚಲಿಲ್ಲ. ಹೆದರಿಬಿಟ್ಟಿದ್ದಾಳೆ ಅಂದುಕೊಂಡೆ.

ಹನ್ನೆರಡು ವರ್ಷದ ಮಗುವಿಗೆ ನನ್ನ ಗೀಟುಗಳನ್ನು ನಂಬಿ ಮತ್ತೆ ಕತ್ತರಿ ಹಾಕುತ್ತಾರಲ್ಲ ಎಂದು ನೆನೆದರೆ ಊಟ ಸೇರುವುದಿಲ್ಲ. ನಾಳೆಯೇ ಮೇಡಂ ಹತ್ತಿರ ಹೋಗಿ ಎಲ್ಲ ಹೇಳುತ್ತೇನೆ. ಹೇಳಿದ ಮೇಲೂ ಆ ಪಾದ ಹಿಡಿದು ಒತ್ತುವುದು ನನ್ನಿಂದಾಗದು. ಅವಳು ಅತ್ತರೂ ನಿಮ್ಮ ಮನಸ್ಸು ಕರಗುವುದಿಲ್ಲ ಎಂದು ಎಷ್ಟು ಸಲ ಹಂಗಿಸಿದ್ದೆನೋ. ಈಗ ನಿಮ್ಮ ಆ ಗಟ್ಟಿ ಮನಸ್ಸೇ ಬೇಕಾಗಿದೆ. ಬನ್ನಿ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ.

ಇತಿ,
ನಿಮ್ಮ ದಾರಿ ಕಾಯುವ
ರೇವತಿ

ಮರೆಮಾಚಬಾರದ ಒಂದು ಮಾತು: ಕಾಗದ ಮಡಿಸುವ ಮೊದಲು ರಕ್ಷಾಳನ್ನು ಕೇಳಿದೆ, ಮೇಡಂ ಎದುರು ನೀನಾದರೂ ಯಾಕೆ ನಿಜ ಹೇಳಲಿಲ್ಲ ಎಂದು. ಅವಳು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ: "ಎಲ್ರ ಎದುರಿಗೆ ನಿನ್ ಮರ್ಯಾದೆ ಹೋಗ್ತಿತ್ತಲ್ಲಮ್ಮ. ಇನ್ನೊಂದ್ ಆಪರೇಷನ್ ತಾನೆ, ಮಾಡಿಸ್ಕೊಳ್ತೀನಿ ಬಿಡು."