ಹಾರಮ್‌ಳ ಕೈಗೊಂದು ಮೌಸ್

ಯಂಗ್ದೊ, ಬುಸಾನ್
ನವೆಂಬರ್ 3, 2024, ಭಾನುವಾರ

ಮಗನೇ ತೇಗ್ಯು,

ನಿನ್ನ ಬಲಗೈ ಹೇಗಿದೆ? ಹೋದ ಸಲ ಹಡಗಿನಿಂದ ಕಳಿಸಿದ ಫೋಟೊದಲ್ಲಿ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದೆ. ನಾಟಕದ ಮಂಡಳಿಯಲ್ಲಿ ಬೆಳೆದ ನನ್ನಂಥವಳ ಮುಂದೆ ಬೆನ್ನ ಹಿಂದೆ ಏನನ್ನಾದರೂ ಬಚ್ಚಿಡುವುದು ದಂಡ. ಆ ಆಟವನ್ನು ನಾನೇ ನೂರಾರು ರಾತ್ರಿ ಆಡಿದ್ದೇನೆ. ಶೀತಕೋಣೆಯಲ್ಲಿ ಟ್ಯೂನಾ ಎತ್ತುವವರ ಬೆರಳ ಸಂದುಗಳು ಸೀಳುತ್ತವೆ ಎಂದು ಬಂದರಿನ ಹೆಂಗಸರು ಹೇಳುತ್ತಾರೆ. ಮುಲಾಮು ಹಚ್ಚಿಕೊ, ಹಚ್ಚಿದ ಮೇಲೆ ಹತ್ತಿಯ ಕೈಗವಸು ಹಾಕಿ ಮಲಗು. ಹಲ್ಲುನೋವು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ, ಮಂಡಿಯೊಂದನ್ನು ಬಿಟ್ಟು. ನಿನ್ನ ಹೆಂಡತಿ ಮಿರಾನ್ ಮೀನುಕಜ್ಜಾಯದ ಕಾರ್ಖಾನೆಯಲ್ಲಿ ಸಂಜೆ ಪಾಳಿಗೆ ಬದಲಾಗಿದ್ದಾಳೆ. ಮನೆಗೆ ಬಂದಾಗ ಎಣ್ಣೆಯ ವಾಸನೆ, ಮುಖದಲ್ಲಿ ನಿದ್ದೆ. ಕಿಮ್ಚಿ ಉಪ್ಪಿನಕಾಯಿ ಹಾಕುವ ವಾರ ಹತ್ತಿರ ಬಂತು, ಕೋಸು ಈ ಸಲ ಸಣ್ಣದು.

ಯೋಗಕ್ಷೇಮ ಮುಗಿಯಿತು. ಈಗ ತೆರೆ ಏಳಲಿ. ಪ್ರೇಕ್ಷಕ ನೀನೊಬ್ಬನೇ, ಅದೂ ಪೆಸಿಫಿಕ್‌ನ ನಡುಮಧ್ಯೆ ಒಂದು ಮೇಲು ಮಂಚದಲ್ಲಿ ಕಾಲು ಮಡಿಸಿಕೊಂಡು ಮಲಗಿರುವವನು. ಆದರೂ ನನ್ನ ಗಂಟಲು ಕೊನೆಯ ಸಾಲಿಗೂ ಕೇಳುವಂತೆ ತರಬೇತಿಯಾದದ್ದು, ಸಣ್ಣ ದನಿಯಲ್ಲಿ ಬರೆಯಲು ಬರುವುದಿಲ್ಲ. ವಿಷಯ ಇಷ್ಟು. ನಿನ್ನ ಮಗಳು ಹಾರಮ್‌ಗೆ ಹದಿನಾರನೇ ತಾರೀಖು ಶನಿವಾರ ಆಯ್ಕೆ ಇದೆ. ಸೊಮ್ಯಾನ್‌ನಲ್ಲಿ ಹೊಸದಾಗಿ ತೆರೆದ ಅಭ್ಯಾಸ ಶಾಲೆಯವರು ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟದ ಕಿರಿಯರ ತಂಡಕ್ಕೆ ಐದು ಜನರನ್ನು ತೆಗೆದುಕೊಳ್ಳುತ್ತಾರೆ. ನಾಲ್ವರು ಆಗಲೇ ನಿಶ್ಚಯವಾದಂತೆ. ಐದನೆಯ ಜಾಗಕ್ಕೆ ಇವಳೂ ಇನ್ನೊಬ್ಬಳೂ. ನಿನಗೆ ಇದು ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಎರಡು ತಿಂಗಳಿಂದ ಅವಳ ಶಾಲೆಯ ಅಂಗಿಯ ತೋಳಿನೊಳಗೆ ಮಣಿಕಟ್ಟಿಗೆ ನೋವಿನ ಪಟ್ಟಿ ಅಂಟಿಕೊಂಡಿದೆ. ಕರ್ಪೂರದ ವಾಸನೆ ನನ್ನದೇ ಬೆನ್ನಿನದು ಎಂದು ನಾನು ಮೊದಲು ತಿಳಿದಿದ್ದೆ. ಅನ್ನದ ಬಟ್ಟಲನ್ನು ಅವಳು ಎಡಗೈಯಲ್ಲಿ ಎತ್ತಿದಾಗ ಗೊತ್ತಾಯಿತು.

ಅವಳು ಆಡುವುದು ನಿನ್ನ ಹಳೆಯ ಮೌಸ್‌ನಲ್ಲಿ. ಹೌದು, ಅದೇ. ನಿನ್ನ ಆಟದ ತಂಡ ಮುರಿದು ಬಿದ್ದ ದಿನ ಹಾಸ್ಟೆಲಿನಿಂದ ನೀನು ತಂದ ಒಂದೇ ಒಂದು ಸಾಮಾನು, ವಯಸ್ಸಿನಲ್ಲಿ ಅವಳಿಗಿಂತ ಹಿರಿಯದು, ಬೂದು ಬಣ್ಣ ಹಳದಿಯಾಗಿ, ವೈರು ನಾಯಿ ಕಡಿದಂತಾಗಿ. ನಿನ್ನ ಕೈ ನಿನ್ನ ಅಪ್ಪನದು, ದೋಣಿಯ ಹುಟ್ಟು ಹಾಕುವ ಕೈ. ಅವಳ ಕೈ ನನ್ನದು, ಬೀಸಣಿಗೆ ಹಿಡಿಯುವ ಕೈ. ನಿನ್ನ ಮೌಸ್ ಅವಳ ಅಂಗೈಯಲ್ಲಿ ಚಿಕ್ಕ ತಟ್ಟೆಗೆ ಮಗುಚಿದ ದೊಡ್ಡ ಬೋಗುಣಿಯಂತೆ ಕೂರುತ್ತದೆ.

ಗುರುವಾರ ಶಾಲೆ ಬಿಟ್ಟ ಮೇಲೆ ಅವಳನ್ನು ನಮ್ಮ ಮನೆಯ ಕೆಳಗಿನ ಪಿಸಿ ಬಾಂಗ್ ಆಟದಂಗಡಿಗೆ ಎಳೆದುಕೊಂಡು ಹೋದೆ. ಪ್ಯೋ ಇನ್ನೂ ಅದೇ ಗಲ್ಲಾದ ಹಿಂದೆ ಅದೇ ಬನಿಯನ್ನಿನಲ್ಲಿ ಕೂತಿದ್ದಾನೆ, ಸಾಲು ಸಾಲು ಕಂಪ್ಯೂಟರುಗಳ ಮೇಲೆ ರಾಮ್ಯಾನ್ ಶ್ಯಾವಿಗೆಯ ಹಬೆ ಹಾಗೆಯೇ ತೇಲುತ್ತಿದೆ. ನಿನ್ನ ಕುಶಲ ಕೇಳಿದ. ನಿನ್ನ ಮೌಸನ್ನು ಗುರುತು ಹಿಡಿದು, ಮಗುಚಿ, ಹೊಟ್ಟೆಯ ತೂತನ್ನು ನೋಡಿ, "ಅಮ್ಮಾ, ಇದರ ಕಣ್ಣು ಮುದಿಯಾಗ್ಬಿಟ್ಟಿದೆ. ಜೋರಾಗಿ ಎಳೆದ್ರೆ ದಾರಿ ತಪ್ಪತ್ತೆ, ಗುರಿ ಹೋಗಿ ಸೂರಿಗೆ ಹತ್ತತ್ತೆ" ಎಂದ. "ನಂದೂ ಮುದಿಯಾಗಿದೆ, ನನ್ನನ್ಯಾರೂ ಮೂಲೆಗೆ ಹಾಕಿಲ್ಲ" ಎಂದೆ. "ನಿಮ್ಮನ್ನ ಹಾಕೋಷ್ಟು ದೊಡ್ಡ ಮೂಲೆ ಯಂಗ್ದೊದಲ್ಲಿಲ್ಲ" ಎಂದ. ನಿನ್ನ ವಯಸ್ಸಿನವನೇ ಆದರೂ ಬಾಯಿ ಮಾತ್ರ ಮೀನುಪೇಟೆಯದು.

ಆಮೇಲೆ ಅವನು ಖಾನೆ ಎಳೆದು, ಮೌಸ್‌ಗಳನ್ನು ಮೇಜಿನ ಮೇಲೆ ಸೇನೆಯಂತೆ ನಿಲ್ಲಿಸಿದ. ಬೆನ್ನುಬ್ಬಿದವು, ಚಪ್ಪಟೆಯವು, ಹಗುರಾಗಲೆಂದು ಮೈತುಂಬ ತೂತು ಕೊರೆದವು. ಹಿಡಿಯುವುದರಲ್ಲಿ ಮೂರು ಜಾತಿಯಂತೆ. ಅಂಗೈ ಪೂರ್ತಿ ಊರಿ ಮಲಗಿಸುವವರು. ಅಂಗೈಯ ಬುಡ ಮಾತ್ರ ತಾಗಿಸಿ ಬೆರಳುಗಳನ್ನು ಏಡಿಯ ಕಾಲಿನಂತೆ ಮಡಿಸುವವರು. ಅಂಗೈ ತಾಗಿಸದೆ ಬೆರಳ ತುದಿಯಲ್ಲೇ ಓಡಿಸುವವರು. ಮೊದಲನೆಯವರಿಗೆ ಉದ್ದನೆಯದು, ಬೆನ್ನುಬ್ಬಿದ್ದು ಬೇಕು. ಎರಡನೆಯವರಿಗೆ ಗಿಡ್ಡದು, ಉಬ್ಬು ಹಿಂದಕ್ಕಿರುವುದು. ಮೂರನೆಯವರಿಗೆ ಇನ್ನೂ ಚಿಕ್ಕದು, ಗರಿಯಷ್ಟು ಹಗುರ. "ಹಿಡಿದು ತೋರ್ಸು ಮರಿ" ಎಂದ. ಹಾರಮ್ ಹಿರಿಯರ ಮುಂದೆ ಲೋಟ ಹಿಡಿಯುವ ಹಾಗೆ ಅಂಗೈ ಪೂರ್ತಿ ಊರಿ ತೋರಿಸಿದಳು. ಪ್ಯೋ ಅವಳ ಕೈಗೆ ಅಳತೆಪಟ್ಟಿ ಇಟ್ಟು, "ಅಂಗೈ ಹಿಡಿತ, ಚಿಕ್ಕ ಕೈ" ಎಂದು ತೀರ್ಪು ಕೊಟ್ಟು, ಅದಕ್ಕೊಪ್ಪುವ ಉಬ್ಬು ಬೆನ್ನಿನದೊಂದನ್ನು ಕೊಟ್ಟ. ಅವಳು ಆಡಿದಳು, ಸೋತಳು. ಮತ್ತೆ ಸೋತಳು. "ಕೈಗೆ ಒಗ್ತಿಲ್ಲ ಅಂಕಲ್" ಎಂದು ಅದನ್ನಿಟ್ಟು ನಿನ್ನದಕ್ಕೆ ಕೈ ಚಾಚಿದಳು.

ಇಲ್ಲಿ ನಾನು ಎದ್ದು ನಿಂತೆ. ಮಂಡಳಿಯಲ್ಲಿ ಹೆಂಗಸರೇ ರಾಜರು, ಹೆಂಗಸರೇ ಸೇನಾಪತಿಗಳು ಎಂಬುದು ನಿನಗೆ ಗೊತ್ತಲ್ಲ. ಹದಿನಾರರ ನನಗೆ ಮೊದಲ ಖಡ್ಗ ಕೊಡುವ ಮುಂಚೆ ನಮ್ಮ ಹಿರಿಯ ನಟಿ ನನ್ನ ಅಂಗೈಗೆ ಕೆನ್ನೆಯ ಕೆಂಪು ಬಳಿದು, ಬಿಳಿ ಬಟ್ಟೆ ಸುತ್ತಿದ ಹಿಡಿಯ ಕತ್ತಿ ಕೊಟ್ಟು, "ನನ್ನ ಕೊಲ್ಲೋಕೆ ಬಾ" ಎಂದಿದ್ದಳು. ಸುಮ್ಮನೆ ನಿಂತಾಗ ಹಿಡಿಯುವ ಕೈ ಬೇರೆ, ಮೈಮೇಲೆ ಬಂದವರನ್ನು ತಡೆಯುವಾಗ ಹಿಡಿಯುವ ಕೈ ಬೇರೆ. ಕೆಂಪು ಎಲ್ಲಿ ಅಂಟಿತೋ ಅದನ್ನು ನೋಡಿ ಅವಳು ಬಡಗಿಗೆ ಹಿಡಿ ಕೆತ್ತಲು ಹೇಳುತ್ತಿದ್ದಳು. ನನ್ನ ಬಣ್ಣದ ಪೆಟ್ಟಿಗೆ ಈಗಲೂ ಮಂಚದ ಕೆಳಗಿದೆ. ಮಂಡಿ ಹಿಡಿದುಕೊಂಡು ಮೇಲೆ ಹತ್ತಿ ಅದನ್ನು ತಂದೆ.

ಹಾರಮ್ ಕುರ್ಚಿಯಲ್ಲಿ ಕುಗ್ಗಿ, "ಅಜ್ಜಿ, ಬೇಡ. ಎಲ್ರೂ ನೋಡ್ತಾರೆ" ಎಂದಳು. "ನೋಡ್ಲಿ ಅಂತಾನೇ ಬಣ್ಣ ಇರೋದು, ಕೈ ಕೊಡು" ಎಂದೆ. ಪ್ಯೋ ಒಂದು ಬಿಳಿ ಮೌಸ್ ಸಿಕ್ಕಿಸಿ, "ಅಮ್ಮಾ, ಇದು ತೊಳೆದ್ರೆ ಹೋಗತ್ತೆ ತಾನೆ?" ಎಂದು ಕೇಳಿದ. ನನ್ನ ಕೆನ್ನೆಯಿಂದ ಹೋಗಲು ಹತ್ತು ವರ್ಷ ಬೇಕಾಯಿತು ಎಂದು ಹೇಳಿದೆ. ಹಿಂದಿನ ಸಾಲಿನಲ್ಲಿ ಪ್ರೌಢಶಾಲೆಯ ಮೂವರು ಹುಡುಗರಿದ್ದರು. ಎದುರಾಳಿಗಳಾಗಿ ಎಂದು ನಾನೇ ಕರೆದೆ. ಒಬ್ಬ ಅವಳ ಕೈ ನೋಡಿ, "ಏನೇ, ಮದುವೆ ಹೆಣ್ಣಾ?" ಎಂದ. ಅವಳು ಪರದೆಯಿಂದ ಕಣ್ಣು ತೆಗೆಯದೆ, "ಅಲ್ಲ, ನಿನ್ನ ತಿಥಿಗೆ ಬಂದಿದೀನಿ" ಎಂದಳು. ತೇಗ್ಯು, ಆ ಸಾಲನ್ನು ಅವಳು ಹೇಳಿದ ರೀತಿ, ಆ ನಿಲುಗಡೆ, ಅದು ನಿನ್ನ ಕಡೆಯಿಂದ ಬಂದದ್ದಲ್ಲ.

ಹುಡುಗರು ಎರಡೂ ಕಡೆಯಿಂದ ಮುತ್ತಿದರು. ನಾನು ಪರದೆ ನೋಡಲಿಲ್ಲ, ಕೈ ನೋಡಿದೆ. ಮೊದಲು ಅದೇ ಸಭ್ಯ ಹಿಡಿತ, ಅಂಗೈ ಊರಿಕೊಂಡು. ಮೊದಲ ಗುಂಡು ತಾಗಿದ್ದೇ ತಡ, ಕೈ ತಾನಾಗಿ ಎದ್ದಿತು. ಗೆಣ್ಣುಗಳು ಮೇಲೆ ಬಂದವು, ಬೆರಳು ಮಡಚಿಕೊಂಡವು, ಅಂಗೈಯ ಬುಡ ಮಾತ್ರ ಕೆಳಗೆ ಉಳಿಯಿತು. ಆಟ ಮುಗಿದಾಗ ಪ್ಯೋ ಮೌಸ್ ಎತ್ತಿ ದೀಪಕ್ಕೆ ಹಿಡಿದ. ಹಿಂಬದಿಯಲ್ಲಿ ಕೆಂಪಿನ ಒಂದು ಅರ್ಧಚಂದ್ರ, ಮುಂದೆ ಗುಂಡಿಗಳ ಮೇಲೆ ಎರಡು ಚುಕ್ಕೆ, ಪಕ್ಕಗಳಲ್ಲಿ ಮೂರು. ನಡುವೆ ಬಿಳಿಯೋ ಬಿಳಿ. "ಏಡಿ" ಎಂದ ಅವನು, ವೈದ್ಯರು ರೋಗದ ಹೆಸರು ಹೇಳುವ ಧಾಟಿಯಲ್ಲಿ. "ಮೊದಲೇ ಯಾಕೆ ಹೇಳ್ಲಿಲ್ಲ ಮರಿ?" ಅವಳಿಗೂ ಗೊತ್ತಿರಲಿಲ್ಲ. ಖಾನೆಯ ತಳದಿಂದ ಗಿಡ್ಡನೆಯ, ಹಗುರ, ಉಬ್ಬು ಹಿಂದಕ್ಕಿರುವ ಕಪ್ಪು ಮೌಸೊಂದನ್ನು ತೆಗೆದುಕೊಟ್ಟ. ಆಮೇಲೆ ನಡೆದದ್ದನ್ನು ಯುದ್ಧವೆನ್ನಲಾರೆ. ಅವಳು ಎಲ್ಲಿ ನೋಡಿದಳೋ ಗುರಿ ಅಲ್ಲೇ ಇತ್ತು. ಹುಡುಗರು ರಾಮ್ಯಾನ್ ಆರಿಹೋಯಿತು ಎಂಬ ನೆಪ ಹೇಳಿ ಎದ್ದುಹೋದರು. ಮಣಿಕಟ್ಟನ್ನು ಅವಳು ಒಮ್ಮೆಯೂ ಉಜ್ಜಿಕೊಳ್ಳಲಿಲ್ಲ. "ಆಯ್ಕೆ ಮುಗಿಯೋವರೆಗೂ ಇಟ್ಕೊ" ಎಂದು ಪ್ಯೋ ಕಪ್ಪು ಮೌಸನ್ನು ಅವಳ ಚೀಲದಲ್ಲಿ ತಾನೇ ಹಾಕಿದ.

ಇಲ್ಲಿಗೆ ನಾಟಕ ಮುಗಿಯಬೇಕಿತ್ತು. ಶುಕ್ರವಾರ ಸಂಜೆ ಕಿತ್ತಳೆ ಸುಲಿದು ಅವಳ ಕೋಣೆಗೆ ಕೊಡಲು ಹೋದರೆ, ಕಪ್ಪು ಮೌಸ್ ಚೀಲದಲ್ಲೇ ಇದೆ, ಕೈಯಡಿಯಲ್ಲಿ ನಿನ್ನದು. ಮೇಜಿನ ಮೇಲೆ ಹೊಸ ನೋವಿನ ಪಟ್ಟಿ. ನಾನು ಬೈಯಲಿಲ್ಲ, ಕೇಳಲೂ ಇಲ್ಲ. ಪೆಟ್ಟಿಗೆ ತಂದು ಇನ್ನೊಮ್ಮೆ ಅವಳ ಅಂಗೈಗೆ ಕೆಂಪು ಹಚ್ಚಿದೆ. ಈ ಸಲ ಕೈಯನ್ನು ಅವಳೇ ಚಾಚಿದಳು. ಒಂದು ಆಟವಾದ ಮೇಲೆ ನಿನ್ನ ಮೌಸನ್ನು ಕಿಟಕಿಗೆ ಹಿಡಿದು ನೋಡಿದೆ. ಪೂರ್ತಿ ಅಂಗೈ, ಐದೂ ಬೆರಳು, ಉದ್ದಕ್ಕೂ. ಪಕ್ಕಗಳಲ್ಲಿ ಎರಡು ಹಳ್ಳಗಳಿವೆ, ನಿನ್ನ ಹೆಬ್ಬೆರಳೂ ಉಂಗುರದ ಬೆರಳೂ ವರ್ಷಗಟ್ಟಲೆ ಸವೆಸಿದವು, ಪ್ಲಾಸ್ಟಿಕ್ ಅಲ್ಲಿ ಚಮಚದ ಹೊಟ್ಟೆಯಂತೆ ನುಣುಪಾಗಿದೆ. ಕೆಂಪು ಎಲ್ಲಕ್ಕಿಂತ ದಟ್ಟವಾಗಿ ಕೂತದ್ದು ಆ ಹಳ್ಳಗಳಲ್ಲಿ. ಅಲ್ಲಿಗೆ ಮುಟ್ಟಲು ಅವಳು ಬೆರಳನ್ನು ಇರುವುದಕ್ಕಿಂತ ಉದ್ದ ಎಳೆಯುತ್ತಾಳೆ, ಮಣಿಕಟ್ಟನ್ನು ಹೊರಗೆ ತಿರುಚುತ್ತಾಳೆ. ನೋವು ಅಲ್ಲಿಂದ ಬರುತ್ತಿದೆ. ಪ್ಯೋನ ಅಂಗಡಿಯಲ್ಲಿ ಅವಳು ಮೊದಲು ಮಾಡಿ ತೋರಿಸಿದ್ದು ಅವಳ ಹಿಡಿತವೇ ಅಲ್ಲ, ನಿನ್ನದು.

ಯಾಕೆ ಎಂದು ಆಗ ಕೇಳಿದೆ. ಕಿತ್ತಳೆಯ ನಾರು ಬಿಡಿಸುತ್ತ ಹೇಳಿದಳು, "ಅಪ್ಪ ಹೋಗೋವಾಗ ಬಂದರಲ್ಲಿ ಕೊಟ್ರಲ್ಲ ಅಜ್ಜಿ, ನಾನು ಬರೋವರೆಗೂ ನಿನ್ನ ಹತ್ರ ಇರ್ಲಿ ಅಂತ." ಹತ್ತಿರ ಇಡಲು ಮೇಜಿನ ಖಾನೆಯೂ ಆಗುತ್ತದೆ ಎಂದೆ. "ಖಾನೇಲಿಟ್ರೆ ಅದು ಹತ್ರ ಇದ್ದ ಹಾಗಲ್ಲ" ಎಂದಳು. ಅಪ್ಪನಿಗೆ ಇದರಿಂದ ಏನು ಗೊತ್ತಾಗುತ್ತದೆ, ಅವನು ಸಮುದ್ರದಲ್ಲಿದ್ದಾನೆ ಎಂದೆ. "ಅಪ್ಪಂಗೆ ಗೊತ್ತಾಗಲ್ಲ. ನಂಗೆ ಗೊತ್ತಾಗತ್ತೆ." ಅಷ್ಟೇ. ಆಮೇಲೆ ಕಿತ್ತಳೆಯ ಅರ್ಧವನ್ನು ನನ್ನ ಬಾಯಿಗೆ ತುರುಕಿ, ಕೋಣೆಯ ಬಾಗಿಲು ಹಾಕಿಕೊಂಡಳು.

ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ. ಅಳುವ ಪಾತ್ರ ನನಗೆ ಎಂದೂ ಸಿಕ್ಕಿಲ್ಲ, ಈಗ ಹೊಸದಾಗಿ ಕಲಿಯುವುದಿಲ್ಲ. ಆ ತಂಡಕ್ಕೆ ಅವಳು ಸೇರಿದರೆ ಲೋಕ ಉದ್ಧಾರವಾಗುವುದಿಲ್ಲ, ಸೇರದಿದ್ದರೆ ಆಕಾಶ ಬೀಳುವುದಿಲ್ಲ. ತಂಡಗಳು ಮುರಿಯುವುದನ್ನು ನೀನೂ ನೋಡಿದ್ದೀಯ, ನಾನೂ. ಆದರೆ ಸೋಲುವುದಾದರೆ ಅವಳು ತನ್ನ ಕೈಯಿಂದ ಸೋಲಲಿ.

ಮಿರಾನ್ ನಿನ್ನ ಕುಶಲ ಕೇಳಿದಳೆಂದು ತಿಳಿ. ಪ್ಯೋ ಕೂಡ. ಬಲೆ ಬೇಗ ತುಂಬಲಿ, ಅಲೆ ತಗ್ಗಿರಲಿ, ಇದ್ದ ಹತ್ತು ಬೆರಳೂ ಹತ್ತಾಗಿಯೇ ಮನೆಗೆ ಬರಲಿ.

ನಿನ್ನ ತಾಯಿ,
ಓಕ್‌ಬುನ್
(ಎರಡು ಸಲ ರಾಜಕುಮಾರ, ಒಮ್ಮೆ ಸೇನಾಪತಿ)

ತಾ.ಕ. ಕಾಗದ ಹಡಗಿಗೆ ತಲುಪುವುದು ಡಿಸೆಂಬರಿಗೆ, ಅದಕ್ಕೆ ನಾಳೆ ನಿಮ್ಮ ಕಂಪನಿಯ ಕಚೇರಿಯಲ್ಲಿ ಇದರ ಫೋಟೊ ತೆಗೆಸಿ ಕಳಿಸುತ್ತೇನೆ. ಓದಿದ ಕೂಡಲೇ ಕ್ಯಾಪ್ಟನ್ ಹತ್ತಿರ ಫೋನ್ ಕೇಳಿ ಹಾರಮ್‌ಗೆ ಒಂದು ಸಾಲು ಬರೆ. ನಾನು ಹೇಳಿದರೆ ಕೇಳುವುದಿಲ್ಲ, ಕೊಟ್ಟವನೇ ಹೇಳಬೇಕು: ನನ್ನದನ್ನು ಎತ್ತಿಡು, ನಿನ್ನದನ್ನು ಹಿಡಿ. ಹೆಮ್ಮೆ, ಗಿಮ್ಮೆ ಎಂದೆಲ್ಲ ಸೇರಿಸಲು ಹೋಗಬೇಡ, ನಿನಗೆ ಬರೆಯಲು ಬರುವುದಿಲ್ಲ. ಅಜ್ಜಿ ಹೇಳಿದಳು ಎನ್ನಲೂ ಬೇಡ. ನಿನ್ನ ಸಾಲು ಬಂದ ದಿನ ಹಳೆಯದನ್ನು ನನ್ನ ಬಣ್ಣದ ಪೆಟ್ಟಿಗೆಯಲ್ಲಿ ರೇಷ್ಮೆ ಸುತ್ತಿ ಇಡುತ್ತೇನೆ. ನಿನ್ನ ಹಳ್ಳಗಳಲ್ಲಿ ಅವಳ ಕೆಂಪು ಬೆರಳಚ್ಚು ಇನ್ನೂ ಇದೆ. ಅದನ್ನು ಒರೆಸಿಲ್ಲ, ನೀನು ಬಂದು ನೋಡುವವರೆಗೂ ಒರೆಸುವುದಿಲ್ಲ.